ಪದವಿಯೇ ಅಳತೆಗೋಲೆ?

ಮಂತ್ರಿಪದವಿಗೇರದ ಶಾಸಕನ ಬಾಳು ನಿಷ್ಫಲವೆಂದು ವಾದಿಸುವವರುಂಟು. ಅಂಥವರು ಶಾಂತವೇರಿ ಗೋಪಾಲಗೌಡರ (1923–1972) ಚರಿತ್ರೆಯನ್ನು ಒಮ್ಮೆ ಪರಾಮರ್ಶಿಸಬೇಕು. 1951ರಲ್ಲಿ ಕಾಗೋಡಿನ ಗೇಣಿದಾರರು ಕೊಳಗದ ಅಳತೆಯ ಅನ್ಯಾಯವನ್ನು ಪ್ರತಿಭಟಿಸಿದಾಗ ಅವರ ಪಕ್ಷವಹಿಸಿದ ಈ ಸಮಾಜವಾದಿಯನ್ನು ಮಲೆನಾಡಿಗರು 1952ರಲ್ಲಿ ಮೈಸೂರು ವಿಧಾನಸಭೆಗೆ ಕಳುಹಿಸಿದರು, 1957ರಲ್ಲಿ ಸೋಲಿಸಿದರು, 1962ರಲ್ಲಿಯೂ 1967ರಲ್ಲಿಯೂ ಮರಳಿ ಆರಿಸಿದರು. ಮೂರಾವರ್ತಿಯೂ ಅವರದು ವಿರೋಧಪಕ್ಷದ ಪೀಠವೇ. ಉಳುವವನಿಗೆ ನೆಲವೆಂಬ ಅವರ ವಾದಕ್ಕೆ ಬಲವಾದ ಶಾಸನವು ದೊರೆತುದು 1974ರಲ್ಲಿ, ಅವರು ತೀರಿಕೊಂಡ ಎರಡು ವರ್ಷಗಳ ಮೇಲೆ. ಅದನ್ನು ಜಾರಿಗೆ ತಂದ ದೇವರಾಜ ಅರಸರ ಕೀರ್ತಿ ಅವರಿಗೆ ಸಲ್ಲಲಿ. ಆದರೆ ಉಳುವವನೊಬ್ಬನು, ಫಲವು ಇನ್ನೊಬ್ಬನಿಗೆ ಎಂಬುದೇ ಅಲ್ಲವೆ ಗೌಡರು ಖಂಡಿಸಿದ ಅನ್ಯಾಯ? ಅದನ್ನೇ ಅವರ ಸ್ಮರಣೆಗೆ ನಾವು ಎಸಗಬಾರದು.