ನಮ್ಮ ಇಂಜಿನ್ ಚಿತ್ರದಲ್ಲಿ ಆಯಿಲ್ ಎಲ್ಲಿ?

ಮೊದಲೇ ಹೇಳಿಬಿಡ್ತೀವಿ, ಇದರಲ್ಲಿ ನಮ್ಮ ತಪ್ಪೂ ಇದೆ. ನಾವು ನಾಲ್ವರೂ ಸೆಕೆಂಡ್ ಇಯರ್ ಮೆಕ್ಯಾನಿಕಲ್. ನಾಲ್ವರೂ ಓದಿದ್ದು ಇಂಗ್ಲಿಷ್ ಮೀಡಿಯಂ. ಬರೆಯುವಾಗ ಒತ್ತು-ದೀರ್ಘ ತಪ್ಪಿದ್ರೆ ಸಂಘದ ಸೀನಿಯರ್‌ಗಳು ತಿದ್ದುತ್ತಾರೆ ಅನ್ನೋ ಧೈರ್ಯ ಇದೆ. ಆವತ್ತು ಕಾರಿನೊಳಗೆ ನಾವು ತಪ್ಪಿದಾಗ ತಿದ್ದೋಕೆ ಯಾರೂ ಇರ್ಲಿಲ್ಲ.

ಎಲೆಕ್ಟ್ರಾನಿಕ್ ಸಿಟಿಯಲ್ಲಿ ಒಂದು ಸ್ಪರ್ಧೆ ಇತ್ತು. ಒಂಬತ್ತೂವರೆಗೆ ರಿಪೋರ್ಟಿಂಗ್. ನಮ್ಮಲ್ಲೊಬ್ಬನ ಅಪ್ಪ, ನಾವೆಲ್ಲ ಅಂಕಲ್ ಅಂತೀವಿ, ಹಳದಿ ಬೋರ್ಡ್ ಡೀಸೆಲ್ ಕಾರು ಓಡಿಸ್ತಾರೆ. ರಾತ್ರಿ ಪೂರ್ತಿ ಕಂಪನಿ ಸ್ಟಾಫ್ ಡ್ರಾಪ್ ಮುಗಿಸಿ ಬಂದಿದ್ರೂ "ಬನ್ರಪ್ಪಾ, ನಾನೇ ಬಿಡ್ತೀನಿ" ಅಂದ್ರು. ಪೀಣ್ಯದ ಒಳರಸ್ತೆಯಲ್ಲಿ ಒಂದು ಹಂಪ್. ಬಣ್ಣ ಇಲ್ಲ, ಬೋರ್ಡ್ ಇಲ್ಲ. ಐದು ಜನರ ಭಾರಕ್ಕೆ ತಗ್ಗಿದ್ದ ಕಾರಿನ ಹೊಟ್ಟೆ 'ಧಡ್' ಅಂತ ತಾಗಿತು. ಅಂಕಲ್ ಇಳಿದು ಬಗ್ಗಿ ನೋಡಿದ್ರು. ಒಂದು ಹನಿ ಆಯಿಲ್ಲೂ ಸೋರಿರಲಿಲ್ಲ. ಹೊರಟೆವು.

ತುಮಕೂರು ರಸ್ತೆಯಿಂದ ನೈಸ್ ರಸ್ತೆ ಹತ್ತಿ ಸ್ವಲ್ಪ ದೂರ ಹೋಗಿರಬಹುದು, ಡ್ಯಾಶ್‌ಬೋರ್ಡಿನಲ್ಲಿ ಒಂದು ಕೆಂಪು ದೀಪ ಮಿಣುಕಿತು. ಟೀ ಕೆಟಲ್ ಥರ ಇರುತ್ತಲ್ಲ, ಮೂತಿಯಿಂದ ಹನಿ ಬೀಳೋ ಚಿತ್ರ, ಅದು. ಅಂಕಲ್ ಸ್ಪೀಡ್ ಇಳಿಸಿ ಕನ್ನಡಿಯಲ್ಲಿ ನಮ್ಮನ್ನ ನೋಡಿ ಕೇಳಿದ್ರು: "ಏನ್ರೋ ಇದು, ನೀವು ಮೆಕ್ಯಾನಿಕಲ್ ಅಲ್ವಾ?" ನಾವು ಹೇಳಿದ್ದು ಇಷ್ಟು: "ಆಯಿಲ್ ಸ್ವಲ್ಪ ಕಡಿಮೆ ಇರ್ಬೇಕು ಅಂಕಲ್, ಅಲ್ಲಿ ತಲುಪಿದ್ಮೇಲೆ ಹಾಕ್ಸೋಣ."

ನಿಲ್ಲಿಸೋಕೆ ಜಾಗ ಇತ್ತು. ನಾವು ಗಡಿಯಾರ ನೋಡ್ತಿದ್ವಿ.

ನಾಲ್ಕೈದು ನಿಮಿಷ ಆಯ್ತು. ಮಾಗಡಿ ರಸ್ತೆ ಇಳಿಯೋ ಜಾಗ ಇನ್ನೂ ಬಂದಿರಲಿಲ್ಲ. ಇಂಜಿನ್ ಒಳಗಿಂದ 'ಟಕ್ ಟಕ್' ಶುರುವಾಯ್ತು, ಜೋರಾಯ್ತು, ಆಮೇಲೆ ಒಂದೇ ಏಟಿಗೆ ಎಲ್ಲ ನಿಂತಿತು.

ಟೋಯಿಂಗ್ ಗಾಡಿಯಲ್ಲಿ ಕಾರು ವಾಪಸ್ ಪೀಣ್ಯಕ್ಕೇ ಬಂತು. ಗ್ಯಾರೇಜ್ ಅಣ್ಣ ಕೆಳಗಿನ ಆಯಿಲ್ ಚೇಂಬರ್ ಬಿಚ್ಚಿದಾಗ ಅದರಲ್ಲಿ ಆಯಿಲ್ ತುಂಬಾ ಇತ್ತು! ಹಂಪ್ ತಾಗಿ ಚೇಂಬರಿನ ತಗಡು ಒಳಕ್ಕೆ ಬಗ್ಗಿತ್ತು. ಬಗ್ಗಿದ ಜಾಗ ಸರಿಯಾಗಿ ಪಂಪಿನ ಸ್ಟ್ರೇನರ್ ಬಾಯಿಗೆ ಒತ್ತಿಕೊಂಡಿತ್ತು. ಪಂಪ್ ಎಷ್ಟು ಎಳೆದರೂ ಆಯಿಲ್ ಬರ್ತಿರಲಿಲ್ಲ. ಕೆರೆಯಲ್ಲಿ ನೀರಿದ್ದು ಮೋಟಾರಿನ ಫುಟ್‌ವಾಲ್ವ್ ಕೆಸರಲ್ಲಿ ಹೂತಹಾಗೆ. ಆ ಕೆಂಪು ದೀಪ ಆಯಿಲ್ ಎಷ್ಟಿದೆ ಅಂತ ಹೇಳೋದಲ್ಲ, ಆಯಿಲ್ ಒತ್ತಡ ಇಲ್ಲ ಅಂತ ಹೇಳೋದು. ಈ ವ್ಯತ್ಯಾಸ ನಮಗೆ ಗೊತ್ತಿರಲಿಲ್ಲ. ಅಣ್ಣನ ಜೊತೆಗಿದ್ದ ಹುಡುಗನಿಗೆ ಗೊತ್ತಿತ್ತು, ಅವನಿಗೆ ನಮಗಿಂತ ಒಂದೆರಡು ವರ್ಷ ಕಮ್ಮಿ ವಯಸ್ಸೇ ಇರ್ಬೇಕು.

ಫಸ್ಟ್ ಇಯರಲ್ಲಿ ನಾವೆಲ್ಲ ಫೋರ್ ಸ್ಟ್ರೋಕ್ ಇಂಜಿನ್ ಚಿತ್ರ ಬರೆದಿದ್ದೀವಿ. ಪಿಸ್ಟನ್, ವಾಲ್ವ್, ಕನೆಕ್ಟಿಂಗ್ ರಾಡ್, ಕ್ರ್ಯಾಂಕ್. ನಾಲ್ಕು ಸಲ ಬರೆದು ಬಾಣ ಹಾಕಿದ್ರೆ ಫುಲ್ ಮಾರ್ಕ್ಸ್. ಆ ಚಿತ್ರ ಮತ್ತೆ ತೆಗೆದು ನೋಡಿ. ಅದರಲ್ಲಿ ಎಲ್ಲೂ ಆಯಿಲ್ ಇಲ್ಲ. ಚೇಂಬರ್ ಇಲ್ಲ, ಪಂಪ್ ಇಲ್ಲ, ಫಿಲ್ಟರ್ ಇಲ್ಲ. ಆ ಇಂಜಿನ್ ನಿಜವಾಗಿ ಓಡಿದ್ರೆ ನಮ್ಮ ಅಂಕಲ್ ಇಂಜಿನ್ ಥರಾನೇ ಕೆಲವು ನಿಮಿಷದಲ್ಲಿ ಕಚ್ಚಿಕೊಳ್ಳುತ್ತೆ. ಬೇರಿಂಗ್ ಲೂಬ್ರಿಕೇಶನ್ ಪಾಠ ನಮಗೆ ಬರೋದು ಮುಂದಿನ ವರ್ಷ, ಅದೂ ಫಾರ್ಮುಲಾ ರೂಪದಲ್ಲಿ.

ಬೇಜಾರಿಗೆ ನಾವೇ ಓದ್ಕೊಂಡ್ವಿ. ಅದು ಎಂಥಾ ಕಥೆ ಗೊತ್ತಾ? 1880ರ ದಶಕದಲ್ಲಿ ಇಂಗ್ಲೆಂಡಿನ ಬೀಚಮ್ ಟವರ್ ಅನ್ನೋ ಎಂಜಿನಿಯರ್ ರೈಲ್ವೆ ಆಕ್ಸಲ್ ಬೇರಿಂಗ್‌ಗಳನ್ನ ಪರೀಕ್ಷೆ ಮಾಡ್ತಿದ್ದ. ಆಯಿಲ್ ಹಾಕೋಣ ಅಂತ ಬೇರಿಂಗ್ ಮೇಲ್ಗಡೆ ಒಂದು ತೂತು ಕೊರೆದ. ಶಾಫ್ಟ್ ತಿರುಗಿದಾಗ ಆಯಿಲ್ ಒಳಗೆ ಹೋಗೋ ಬದಲು ತೂತಿನಿಂದ ಮೇಲೆ ಬಂತು. ಮರದ ಬೆಣೆ ಬಡಿದ್ರೆ ಬೆಣೆಯನ್ನೇ ತಳ್ಳಿ ಹಾಕಿತು. ಗೇಜ್ ಕೂರಿಸಿದ್ರೆ ಚದರ ಇಂಚಿಗೆ 200 ಪೌಂಡ್ ದಾಟಿತ್ತು. ಅಂದ್ರೆ ತಿರುಗೋ ಶಾಫ್ಟ್ ತಾನೇ ಆಯಿಲ್ಲನ್ನ ಎಳೆದು ತನ್ನ ಕೆಳಗೆ ಒತ್ತಡ ಹುಟ್ಟಿಸಿ ಅದರ ಮೇಲೆ ತೇಲುತ್ತೆ. 1886ರಲ್ಲಿ ಆಸ್ಬಾರ್ನ್ ರೇನಾಲ್ಡ್ಸ್ ಇದಕ್ಕೆ ಗಣಿತ ಬರೆದ. ಹೌದು, ರೇನಾಲ್ಡ್ಸ್ ನಂಬರಿನ ಅದೇ ರೇನಾಲ್ಡ್ಸ್. ಕಾರಿನ ಪಂಪ್ ಮಾಡೋ ಕೆಲಸ ಆ ತೆಳು ಪದರಕ್ಕೆ ಆಯಿಲ್ ತಪ್ಪದ ಹಾಗೆ ಕೊಡೋದು. ಆ ಪದರ ಕೂದಲಿಗಿಂತ ಎಷ್ಟೋ ತೆಳು. ಪೂರೈಕೆ ನಿಂತ್ರೆ ಲೋಹಕ್ಕೆ ಲೋಹ ತಾಗುತ್ತೆ, ಬೇರಿಂಗ್ ಶೆಲ್ ಕರಗಿ ಕೀಳುತ್ತೆ.

ಈ ಬೆಣೆ ಕಥೆ ಫಸ್ಟ್ ಇಯರಲ್ಲೇ ಹೇಳೋಕೆ ಹತ್ತು ನಿಮಿಷ ಸಾಕು. "ಎಲ್ಲಾನೂ ಸಿಲಬಸ್‌ನಲ್ಲಿ ತುರುಕೋಕಾಗಲ್ಲ" ಅಂತ ನಮ್ಮ ಲೆಕ್ಚರರ್ ಒಬ್ರು ಹೇಳಿದ್ರು. ಒಪ್ಪಿದ್ವಿ. ಆದ್ರೆ ಒಂದು ಹಳೇ ಇಂಜಿನ್ನಿನ ಚೇಂಬರ್ ಬಿಚ್ಚಿ ತೋರಿಸೋಕೆ ಸಿಲಬಸ್ ಬೇಕಾಗಿಲ್ಲ. ನಮ್ಮ ಲ್ಯಾಬಿನ ಕಟ್ ಸೆಕ್ಷನ್ ಇಂಜಿನ್ನಿಗೆ ವರ್ಷಕ್ಕೊಂದ್ಸಲ ಬಣ್ಣ ಬಳೀತಾರೆ, ಯಾರೂ ಮುಟ್ಟಲ್ಲ.

ಇನ್ನು ಕಾರು ತಯಾರಿಸೋರ ವಿಷಯ. ಆ ದೀಪ ಸಾಮಾನ್ಯವಾಗಿ ಉರಿಯೋದು ಒತ್ತಡ ಅರ್ಧ ಬಾರ್‌ಗಿಂತ ಕೆಳಗೆ ಬಿದ್ದ ಮೇಲೆ. ಹೈವೇ ವೇಗದಲ್ಲಿ ಇಂಜಿನ್ನಿಗೆ ಬೇಕಾಗಿರೋದು ಮೂರ್ನಾಲ್ಕು ಬಾರ್. ನಡುವೆ ಏನಾಯ್ತು ಅಂತ ಡ್ರೈವರ್‌ಗೆ ಹೇಳೋರಿಲ್ಲ, ಯಾಕಂದ್ರೆ ಒತ್ತಡದ ಮುಳ್ಳು ತೋರಿಸೋ ಗೇಜ್ ಈಗ ಬಹುತೇಕ ಕಾರುಗಳಲ್ಲಿ ಇಲ್ಲ. ಸೀಟ್ ಬೆಲ್ಟ್ ಹಾಕದಿದ್ರೆ ಕಿವಿ ಕೊರೆಯೋ ಹಾಗೆ ಕೂಗೋ ಕಾರು, ತನ್ನ ಪ್ರಾಣ ಹೋಗುವಾಗ ಮಾತ್ರ ಸುಮ್ನೆ ಒಂದು ಕೆಟಲ್ ಚಿತ್ರ ತೋರಿಸುತ್ತೆ. ಮ್ಯಾಪ್ "ಎಡಕ್ಕೆ ತಿರುಗಿ" ಅಂತ ಕನ್ನಡದಲ್ಲಿ ಹೇಳೋ ಕಾಲದಲ್ಲಿ, ಕಾರು "ಈಗಲೇ ನಿಲ್ಲಿಸಿ, ಇಂಜಿನ್ ಆಫ್ ಮಾಡಿ" ಅಂತ ಯಾಕೆ ಹೇಳಬಾರದು? "ಇನ್ನೇನು ಇವಿ ಬರುತ್ತೆ ಬಿಡ್ರೋ" ಅಂತಾನೆ ನಮ್ಮ ಸಿಎಸ್ ಗೆಳೆಯ. ಬರಲಿ. ವೈಟ್‌ಫೀಲ್ಡಿಗೂ ಎಲೆಕ್ಟ್ರಾನಿಕ್ ಸಿಟಿಗೂ ರಾತ್ರಿಯೆಲ್ಲ ಜನರನ್ನ ಹೊರೋ ಹಳದಿ ಬೋರ್ಡ್ ಡೀಸೆಲ್ ಗಾಡಿಗಳು ನಾಳೆ ಬೆಳಿಗ್ಗೆ ಮಾಯ ಆಗಲ್ಲ.

ಈಗ ಖರ್ಚಿನ ಮಾತು. ಬರೀ ಕ್ರ್ಯಾಂಕ್ ಗೀಚಿದ್ರೆ 0.25 ಮಿಲಿಮೀಟರ್ ಗ್ರೈಂಡ್ ಮಾಡಿಸಿ ಅಂಡರ್‌ಸೈಜ್ ಬೇರಿಂಗ್ ಹಾಕಬಹುದು. ನಮ್ಮದರಲ್ಲಿ ರಾಡ್ ಮುರಿದು ಬ್ಲಾಕೇ ಒಡೆದಿತ್ತು. ಹೊಸ ಇಂಜಿನ್ನಿನ ಬೆಲೆ ಕಾರಿನ ಈಗಿನ ಬೆಲೆಯ ಅರ್ಧ ದಾಟ್ತಿತ್ತು. ಇನ್ಶೂರೆನ್ಸ್ ಕಾಗದ ತೆಗೆದು ಓದಿದ್ವಿ. ಅಪಘಾತ ಆದ್ಮೇಲೆ ರಿಪೇರಿ ಮಾಡಿಸದೆ ಓಡಿಸಿದ್ರೆ, ಅದರಿಂದ ಹೆಚ್ಚಾದ ಹಾನಿ ಪೂರ್ತಿ ಮಾಲೀಕನದ್ದೇ ಅಂತ ಇತ್ತು. ಚೇಂಬರ್ ಬಗ್ಗಿದ್ದು ಅಪಘಾತ. ಇಂಜಿನ್ ಹೋಗಿದ್ದು ಆಮೇಲಿನ ಆ ನಾಲ್ಕೈದು ನಿಮಿಷ. ಆ ನಿಮಿಷಗಳು ನಮ್ಮವು.

ಕೊನೆಗೆ ಶಿವಾಜಿನಗರದ ಗುಜರಿಗೆ ಹೋದ್ವಿ. ಗ್ಯಾರೇಜ್ ಅಣ್ಣ ಎರಡು ಇಂಜಿನ್ ಬೇಡ ಅಂದ, ಮೂರನೇದರ ಚೇಂಬರ್ ಬಿಚ್ಚಿಸಿ ಒಂದು ಬೇರಿಂಗ್ ಕ್ಯಾಪ್ ತೆಗೆಸಿ ನೋಡಿ ಆಮೇಲೆ ತಲೆಯಾಡಿಸಿದ. ಯಾವ ಗಾಡಿಯಿಂದ ಬಂತು ಅನ್ನೋ ಕಾಗದ ಇಲ್ದೆ ತಗೋಬೇಡಿ ಅಂತ ಅವನೇ ಹೇಳಿಕೊಟ್ಟಿದ್ದು. ಆರ್‌ಸಿಯಲ್ಲಿ ಚಾಸಿ ನಂಬರ್ ಜೊತೆ ಇಂಜಿನ್ ನಂಬರೂ ಇರುತ್ತೆ. ಇಂಜಿನ್ ಬದಲಾದ್ರೆ ಆರ್‌ಟಿಓದಲ್ಲಿ ಅದನ್ನ ತಿದ್ದಿಸಲೇಬೇಕು, ಇಲ್ದಿದ್ರೆ ಮುಂದೆ ಎಫ್‌ಸಿ, ಇನ್ಶೂರೆನ್ಸ್ ಎಲ್ಲದಕ್ಕೂ ತೊಡಕು.

'ಕೆಂಪು ದೀಪ ಬಂದ ಕೂಡಲೇ ನಿಲ್ಲಿಸಿ' ಅಂತ ಪೋಸ್ಟರ್ ಬರೆಯೋದು ಸುಲಭ. ಆದ್ರೆ ರಾತ್ರಿ ಹನ್ನೊಂದಕ್ಕೆ ಎಲೆಕ್ಟ್ರಾನಿಕ್ ಸಿಟಿ ಮೇಲ್ಸೇತುವೆ ಮೇಲೆ, ಹಿಂದೆ ಲಾರಿ ಹಾರ್ನ್ ಹೊಡೀತಿರುವಾಗ, ಲಾಗಿನ್ ಟೈಮ್ ತಪ್ಪುತ್ತೆ ಅಂತ ಸ್ಟಾಫ್ ಗೊಣಗ್ತಿರುವಾಗ ನಿಲ್ಲಿಸೋ ಡ್ರೈವರ್‌ಗೆ ಆ ಟ್ರಿಪ್ಪಿನ ದುಡ್ಡು ಯಾರು ಕೊಡ್ತಾರೆ? ಹಿಂದಿನ ಸೀಟಲ್ಲಿ ಕೂತೋರು "ಪರವಾಗಿಲ್ಲ, ನಿಲ್ಸಿ" ಅನ್ನಬೇಕು. ಇನ್ನು ಮೂರು ವರ್ಷಕ್ಕೆ ಆ ಸೀಟಲ್ಲಿ ಐಡಿ ಕಾರ್ಡ್ ಹಾಕ್ಕೊಂಡು ಕೂರೋರು ನಾವೇ.

ಅಂಕಲ್ ಹದಿನೇಳು ದಿನ ಕೆಲಸ ಇಲ್ದೆ ಕೂತ್ರು. ನಮ್ಮನ್ನ ಒಂದು ಮಾತೂ ಬೈಲಿಲ್ಲ, ಅದೇ ಕಷ್ಟ ಆಗಿದ್ದು. ಮೊನ್ನೆ ಅದೇ ಕಾರಲ್ಲಿ ಹತ್ತಿಸಿಕೊಂಡ್ರು. ಕೀ ತಿರುಗಿಸಿದಾಗ ಕೆಟಲ್ ಉರಿಯಿತು, ಇಂಜಿನ್ ಸ್ಟಾರ್ಟ್ ಆದ ಮೇಲೂ ಅವರು ಗೇರ್ ಹಾಕದೆ ಅದನ್ನೇ ನೋಡ್ತಾ ಕೂತ್ರು. ಆರಿತು. ಆಮೇಲೆ ಕನ್ನಡಿಯಲ್ಲಿ ನಮ್ಮನ್ನ ನೋಡಿ ಕೇಳಿದ್ರು: "ಆ ಬೇರಿಂಗ್ ಪಾಠ ಯಾವಾಗ್ರಪ್ಪಾ ನಿಮ್ಗೆ?"

ಮುಂದಿನ ವರ್ಷ ಅಂಕಲ್, ಅಂದ್ವಿ.