ಗಲ್ಲಾಪೆಟ್ಟಿಗೆ ಹಿಂದಿನ ಹೊಟ್ಟೆ

ಪೇಟೆ ಬೀದಿಯಲ್ಲಿ ಹೊಟ್ಟೆಗೆ ಇಂದಿಗೂ ಮರ್ಯಾದೆ ಉಂಟು. ಗಲ್ಲಾಪೆಟ್ಟಿಗೆ ಹಿಂದೆ ಕೂತ ಯಜಮಾನರ ಹೊಟ್ಟೆ ಮುಂದೆ ಬಂದಷ್ಟೂ ವ್ಯಾಪಾರ ಚೆನ್ನಾಗಿದೆ ಎಂದೇ ಲೆಕ್ಕ. ಅದೇ ಯಜಮಾನರು ಎಪ್ಪತ್ತರ ಹೊತ್ತಿಗೆ ಕೊಟ್ಟ ಸಾಲ ಮರೆತು, ಹಳೇ ಗಿರಾಕಿಯನ್ನೇ ‘ನೀನ್ಯಾರಪ್ಪಾ?’ ಎಂದು ಕೇಳತೊಡಗಿದರೆ ಮನೆಯವರು ‘ವಯಸ್ಸಾಯ್ತಲ್ಲ’ ಎಂದು ಕೈಚೆಲ್ಲುತ್ತಾರೆ. ಪಾಪ, ವಯಸ್ಸೊಂದರ ಮೇಲೇ ತಪ್ಪು ಹೊರಿಸುವುದು ಸರಿಯಲ್ಲ.

ಅಮೆರಿಕದ ಉತ್ತರ ಕ್ಯಾಲಿಫೋರ್ನಿಯಾದಲ್ಲಿ 1964ರಿಂದ 1973ರ ನಡುವೆ, ನಲವತ್ತರ ಆಸುಪಾಸಿನ 6,583 ಜನರ ಹೊಟ್ಟೆಯ ದಪ್ಪ ಅಳೆದಿಟ್ಟಿದ್ದರು. ಸರಾಸರಿ 36 ವರ್ಷಗಳ ನಂತರದ ಲೆಕ್ಕ 2008ರಲ್ಲಿ ಹೊರಬಿತ್ತು. ಎಲ್ಲರಿಗಿಂತ ದಪ್ಪ ಹೊಟ್ಟೆಯ ಗುಂಪಿನಲ್ಲಿ ಮರೆವಿನ ರೋಗದ ಅಪಾಯ, ಸಣ್ಣ ಹೊಟ್ಟೆಯವರಿಗಿಂತ ಹತ್ತಿರ ಹತ್ತಿರ ಮೂರು ಪಟ್ಟು! ತೂಕ ಸರಿಯಿದ್ದು ಹೊಟ್ಟೆ ಮಾತ್ರ ಇದ್ದವರಿಗೂ ಅಪಾಯ ಹೆಚ್ಚೇ ಇತ್ತು.

ಕೊಬ್ಬು ಎಂದರೆ ಗೋದಾಮಿನಲ್ಲಿ ಸುಮ್ಮನೆ ಬಿದ್ದ ಮೂಟೆಯಲ್ಲ ಸ್ವಾಮಿ. ಅದೂ ರಕ್ತಕ್ಕೆ ಹಾರ್ಮೋನು ಬಿಡುತ್ತದೆ. 1994ರಲ್ಲಿ ನ್ಯೂಯಾರ್ಕಿನಲ್ಲಿ ಪತ್ತೆಯಾದ ಲೆಪ್ಟಿನ್ ಅಂಥದ್ದೊಂದು. ‘ದಾಸ್ತಾನು ಸಾಕು, ಊಟ ನಿಲ್ಲಿಸು’ ಎಂದು ಮಿದುಳಿಗೆ ಹೇಳೋದು ಅದರ ಕೆಲಸ. ನೆನಪು ಕೂಡಿಡುವ ಭಾಗಕ್ಕೂ ಅದರ ಮಾತು ಮುಟ್ಟುತ್ತದೆ. ಕೊಬ್ಬು ಅತಿಯಾದಾಗ ಲೆಪ್ಟಿನ್ ಎಷ್ಟು ಕೂಗಿದರೂ ಮಿದುಳು ಕಿವಿಗೊಡುವುದಿಲ್ಲ. ಇನ್ಸುಲಿನ್ನಿನದೂ ಇದೇ ಪಾಡು. ಜೊತೆಗೆ ಸಕ್ಕರೆ ಕಾಯಿಲೆ, ಬಿ.ಪಿ. ಸೇರಿ ಮಿದುಳಿನ ಸಣ್ಣ ರಕ್ತನಾಳಗಳನ್ನು ಕೆಡಿಸುತ್ತವೆ. ಹೊಟ್ಟೆ ಇದ್ದವರಿಗೆಲ್ಲ ಮರೆವು ಬಂದೇ ಬರುತ್ತೆ ಅಂತಲ್ಲ. ಹಾರ್ಮೋನು ಮಾತ್ರೆ ನುಂಗಿದರಾಯ್ತು ಅನ್ನೋ ಹಾಗೂ ಇಲ್ಲ: ಅಮೆರಿಕದಲ್ಲೇ 65 ದಾಟಿದ ಹೆಂಗಸರಿಗೆ ಎರಡು ಬಗೆಯ ಹೆಣ್ಣು ಹಾರ್ಮೋನು ಕೂಡಿಸಿ ಕೊಟ್ಟು ನೋಡಿದಾಗ ಮರೆವಿನ ರೋಗ ಇಮ್ಮಡಿಯಾಯಿತೆಂದು 2003ರಲ್ಲಿ ವರದಿಯಾಯಿತು.

ಈಗ ಊರಿನ ಮಾತು. 30 ದಾಟಿದವರ ಹೊಟ್ಟೆಯ ಸುತ್ತಳತೆ ಬರೆದುಕೊಳ್ಳಲು ಆಶಾ ಕಾರ್ಯಕರ್ತೆಯರಿಗೆ ಸರ್ಕಾರ ನಮೂನೆಯನ್ನೇ ಕೊಟ್ಟಿದೆ. ಗಂಡಸರಿಗೆ 90 ಸೆಂಟಿಮೀಟರು, ಹೆಂಗಸರಿಗೆ 80 ದಾಟಿದರೆ ಎಚ್ಚರಿಕೆ. ಆದರೆ ಆಯಮ್ಮ ಮನೆಗೆ ಬಂದಾಗ ಗಂಡಸು ಅಂಗಡಿಯಲ್ಲೋ, ಬಸ್ಸಿನಲ್ಲೋ! ಹೆಂಡತಿಯನ್ನು ಅಂದಾಜು ಕೇಳಿ ಬರೆದರೆ ಯಾರಿಗೆ ಲಾಭ?

ಆರೋಗ್ಯ ಇಲಾಖೆ ಸಂತೆ ದಿನ ಬಸ್‌ಸ್ಟ್ಯಾಂಡಿನಲ್ಲೇ ಒಂದು ಮೇಜು, ಒಂದು ಟೇಪು, ಒಂದು ಬಿ.ಪಿ. ಯಂತ್ರ ಇಡಲಿ. ಖರ್ಚು ಎಷ್ಟು ಮಹಾ? ಅಲ್ಲಿಯವರೆಗೆ ದರ್ಜಿ ಅಂಗಡಿಯ ಟೇಪು ಇದ್ದೇ ಇದೆ. ಯಜಮಾನರು ಗಲ್ಲಾ ಮಗನಿಗೆ ಒಪ್ಪಿಸಿ ನಾಲ್ಕು ಹೆಜ್ಜೆ ನಡೆದು ಬಂದು ಅಳೆಸಿಕೊಳ್ಳಲಿ. ಉಸಿರೆಳೆದು ಹೊಟ್ಟೆ ಒಳಗೆ ಮಾಡಿಕೊಳ್ಳೋದು ಮಾತ್ರ ಬೇಡ.