ದೋಣಿಯಾದ ರಟ್ಟು

ಜುಲೈ ತಿಂಗಳ ಬೀಜಾಡಿಯಲ್ಲಿ ಹಪ್ಪಳ ಡಬ್ಬಿಯೊಳಗೇ ಮೆತ್ತಗಾಗುತ್ತದೆ, ಭರಣಿಯ ಉಪ್ಪು ನೀರೊಡೆಯುತ್ತದೆ. ಒಂದು ಕಡೆ ಕಡಲು, ಮೇಲಿನಿಂದ ಮಳೆ. ಇಂಥ ದಿನಗಳಲ್ಲಿ ಎಂಟನೆಯ ತರಗತಿಯ ಹುಡುಗನೊಬ್ಬ ಹಳೆಯ ನೋಟ್‌ಬುಕ್ಕುಗಳಲ್ಲಿ ಬರೆಯದೆ ಉಳಿದ ಹಾಳೆಗಳನ್ನು ಹೊಲಿದು, ರಟ್ಟಿಗೆ ಬಣ್ಣದ ಕಾಗದ ಅಂಟಿಸಿ ಪುಸ್ತಕ ಕಟ್ಟಿದನೆನ್ನಿ. ರಾತ್ರಿ ಚಪ್ಪಟೆಯಾಗಿದ್ದ ರಟ್ಟು ಬೆಳಗಾಗುವಾಗ ದೋಣಿಯಂತೆ ಬಾಗಿರುತ್ತದೆ. “ಮಗಾ, ಅದೆಲ್ಲ ಬದಿಗಿಡ್, ಓದುಕೆ ಕೂಕೋ” ಎಂದು ಅಪ್ಪನ ಮಾತು ಬರುತ್ತದೆ. ಹುಡುಗನಿಗೆ ತನ್ನ ಕೈಗುಣವೇ ಸರಿಯಿಲ್ಲವೇನೋ ಎಂಬ ಸಂಶಯ.

ತಪ್ಪು ಕೈಯದಲ್ಲ. ರಟ್ಟಿನಲ್ಲಿ ನಡೆದದ್ದು ವಿಜ್ಞಾನದ ಪಾಠವೇ. ಹಿತ್ತಾಳೆ ಮತ್ತು ಕಬ್ಬಿಣದ ಪಟ್ಟಿಗಳನ್ನು ಬೆಸೆದು ಕಾಯಿಸಿದರೆ ಹಿತ್ತಾಳೆ ಹೆಚ್ಚು ಹಿಗ್ಗುವುದರಿಂದ ಪಟ್ಟಿ ಬಾಗುತ್ತದೆ. ಅದೇ ದ್ವಿಲೋಹ ಪಟ್ಟಿ. ಪುಸ್ತಕದ ರಟ್ಟಿನಲ್ಲಿ ಶಾಖದ ಜಾಗಕ್ಕೆ ನೀರು ಬಂದಿದೆ, ಅಷ್ಟೆ. ಅಂಟು ಸವರಿದ ಕಾಗದ ಒದ್ದೆಯಾಗಿ ಹಿಗ್ಗುತ್ತದೆ, ಹಿಗ್ಗಿಕೊಂಡೇ ರಟ್ಟಿಗೆ ಕೂರುತ್ತದೆ, ಒಣಗಿ ಕುಗ್ಗುವಾಗ ರಟ್ಟನ್ನೂ ತನ್ನತ್ತ ಎಳೆಯುತ್ತದೆ. ಒಳಮೈಗೂ ಅಂಥದೇ ಕಾಗದ ಅಂಟಿಸಿದರೆ ಎರಡು ಕಡೆಯ ಎಳೆತ ಸಮವಾಗುತ್ತದೆ. ಬಳಿಕ ಎರಡು ಹಲಗೆಗಳ ನಡುವೆ ಇಟ್ಟು, ಭಾರ ಹೇರಿ, ಒಂದೆರಡು ದಿನ ಬಿಡಬೇಕು. ಒಲೆಯ ಬಳಿ ಹಿಡಿದು ಒಣಗಿಸುವ ಅವಸರ ಮಾಡಿದರೆ ಮತ್ತೆ ದೋಣಿಯೇ.

ಇಷ್ಟಾದರೂ ಕೆಲವು ಪುಸ್ತಕಗಳು ಸೊಟ್ಟಗಾಗುತ್ತವೆ. ಅದಕ್ಕೆ ಕಾರಣ ಬೇರೆ. ಹಳೆಯ ದಿನಪತ್ರಿಕೆಯ ಒಂದು ಹಾಳೆಯನ್ನು ಮೇಲಿನಿಂದ ಕೆಳಕ್ಕೆ ಹರಿದು ನೋಡಬೇಕು, ಸೀಳು ನೆಟ್ಟಗೆ ಇಳಿಯುತ್ತದೆ. ಅಡ್ಡಕ್ಕೆ ಹರಿದರೆ ಅಂಕುಡೊಂಕು. (ಪುರವಣಿ ಅರ್ಧ ಅಳತೆಯದಾಗಿದ್ದರೆ ಇದು ತಿರುವುಮುರುವು. ಓದಿ ಮುಗಿಸಿದ ಮೇಲೆ ಹರಿದರೆ ಸಾಕು!) ಕಾರ್ಖಾನೆಯಲ್ಲಿ ಕಾಗದ ಯಂತ್ರದ ಮೇಲೆ ಓಡುವಾಗ ನಾರುಗಳು ಹೆಚ್ಚಾಗಿ ಓಟದ ದಿಕ್ಕಿಗೇ ಮಲಗುತ್ತವೆ. ನೀರು ಕುಡಿದ ನಾರು ಉದ್ದಕ್ಕೆ ಬೆಳೆಯುವುದು ಅತ್ಯಲ್ಪ, ದಪ್ಪವಾಗುವುದೇ ಹೆಚ್ಚು. ಆದ್ದರಿಂದ ಕಾಗದ ಹಿಗ್ಗುವುದು ನಾರಿಗೆ ಅಡ್ಡಲಾಗಿ. ಹಾಳೆ, ರಟ್ಟು, ಹೊದಿಕೆ ಮೂರರ ನಾರೂ ಪುಸ್ತಕದ ಬೆನ್ನಿಗೆ ಸಮಾಂತರವಾಗಿರಬೇಕು ಎಂಬ ಬೈಂಡರುಗಳ ನಿಯಮ ಬಂದದ್ದು ಇಲ್ಲಿಂದ. ರಟ್ಟನ್ನು ಹರಿಯಬೇಕಾಗಿಲ್ಲ. ಎರಡು ದಿಕ್ಕಿಗೂ ಮೆಲ್ಲಗೆ ಬಗ್ಗಿಸಿದರೆ ಯಾವ ಕಡೆಗೆ ಸುಲಭವಾಗಿ ಮಣಿಯುತ್ತದೆಂದು ಕೈಗೆ ತಿಳಿಯುತ್ತದೆ.

ಹೊಲಿಗೆ ಅಷ್ಟು ಕಷ್ಟವಲ್ಲ. ನಾಲ್ಕೈದು ಹಾಳೆ ಒಟ್ಟಿಗೆ ಮಡಚಿ, ಮಡಿಕೆಯ ಗೆರೆಯಲ್ಲಿ ದಬ್ಬಳದಿಂದ ಮೂರು ತೂತು. ಸೂಜಿ ಒಳಗಿನಿಂದ ನಡುವಿನ ತೂತಿನಲ್ಲಿ ಹೊರಬಂದು, ಮೇಲಿನದರಲ್ಲಿ ಒಳಹೋಗಿ, ನಡುವಿನದನ್ನು ಬಿಟ್ಟು ಕೆಳಗಿನದರಲ್ಲಿ ಹೊರಬಂದು, ಮತ್ತೆ ನಡುವಿನದರಲ್ಲಿ ಒಳಹೋದರೆ ಮುಗಿಯಿತು. ಉದ್ದನೆಯ ನೂಲನ್ನು ನಡುವೆ ಸಿಕ್ಕಿಸಿ ಗಂಟು ಹಾಕಬೇಕು. ನೋಟ್‌ಬುಕ್ಕಿನಿಂದ ಕಿತ್ತ ಬಿಡಿ ಹಾಳೆಗಳಿಗೆ ಮಡಿಕೆಯೇ ಇರುವುದಿಲ್ಲ. ಅವನ್ನು ಅಂಚಿನಿಂದ ಅರ್ಧ ಇಂಚು ಬಿಟ್ಟು ಅಡ್ಡಕ್ಕೆ ಹೊಲಿಯಬೇಕಾಗುತ್ತದೆ. ಅಂಥ ಪುಸ್ತಕ ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ, ರಫ್ ಲೆಕ್ಕಕ್ಕೆ ಸಾಕು.

ಅಂಟಿಗೆ ಮೈದಾ. ನೀರಿನಲ್ಲಿ ಗಂಟಿಲ್ಲದಂತೆ ಕದಡಿ, ಬಣ್ಣ ತಿಳಿಯಾಗುವವರೆಗೆ ಕಾಯಿಸಬೇಕು. ಹುಳ ಹಿಡಿಯದಿರಲೆಂದು ಬೈಂಡರುಗಳು ಮೈಲುತುತ್ತು ಬೆರೆಸುವುದುಂಟು, ಅಡಕೆ ಮರಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿರುವುದೇ. ಅದು ವಿಷ. ಮಕ್ಕಳಿರುವ ಮನೆಯಲ್ಲಿ ಬೇಡವೇ ಬೇಡ. ಸ್ವಲ್ಪವೇ ಕಾಯಿಸಿ ಅಂದಂದಿಗೇ ಮುಗಿಸಿದರಾಯಿತು.

ಇನ್ನು ಅಪ್ಪನ ಆತಂಕ. ಓದು ಕೆಡುತ್ತದೆಂಬ ಭಯ ಸುಳ್ಳೆನ್ನಲಾಗದು, ಪರೀಕ್ಷೆಯ ವಾರದಲ್ಲಿ ಅಂಟಿನ ಪಾತ್ರೆ ಹಿಡಿದು ಕೂರುವುದು ಯಾರಿಗೂ ಹಿಡಿಸದು. ಆದರೆ ಲಂಡನ್ನಿನ ಕಮ್ಮಾರನೊಬ್ಬನ ಮಗ 1805ರಲ್ಲಿ, ತನ್ನ 14ನೆಯ ವಯಸ್ಸಿನಲ್ಲಿ, ರಿಬೋ ಎಂಬವರ ಬೈಂಡಿಂಗ್ ಅಂಗಡಿ ಸೇರಿ ಏಳು ವರ್ಷ ಕೆಲಸ ಕಲಿತ. ಕಟ್ಟಲು ಬಂದ ವಿಶ್ವಕೋಶದಲ್ಲಿ ವಿದ್ಯುತ್ತಿನ ಲೇಖನ ಓದಿದ. 1812ರಲ್ಲಿ ಹಂಫ್ರಿ ಡೇವಿಯ ಉಪನ್ಯಾಸ ಕೇಳಿ, ಟಿಪ್ಪಣಿಗಳನ್ನು ಅಂದವಾಗಿ ಬರೆದು, ತಾನೇ ಬೈಂಡ್ ಮಾಡಿ ಡೇವಿಗೆ ಕಳುಹಿಸಿದ. ಮರುವರ್ಷ ಪ್ರಯೋಗಶಾಲೆಯಲ್ಲಿ ಸಹಾಯಕನ ಕೆಲಸ ಸಿಕ್ಕಿತು. ಹುಡುಗನ ಹೆಸರು ಮೈಕೇಲ್ ಫ್ಯಾರಡೆ. ಬೈಂಡ್ ಮಾಡಿದವರೆಲ್ಲ ಫ್ಯಾರಡೆ ಆಗುವುದಿಲ್ಲ, ನಿಜ. ಆದರೆ ಕಟ್ಟಿದ್ದನ್ನೇ ಓದಿದ, ಓದಿದ್ದನ್ನೇ ಕಟ್ಟಿದ.

ಅಪ್ಪನಿಗೂ ಒಂದು ಕೆಲಸವಿದೆ. ಈ ಸೀಮೆಯ ಎಷ್ಟೋ ಮನೆಗಳ ಅಟ್ಟದಲ್ಲಿ ಅಜ್ಜನ ಕಾಲದ ಯಕ್ಷಗಾನ ಪ್ರಸಂಗದ ಪುಸ್ತಕವೋ ಕೈಬರಹದ ಕಟ್ಟೋ ಇರುತ್ತದೆ, ಮುಟ್ಟಿದರೆ ಪುಡಿಯಾಗುವಂಥದು. ಅದಕ್ಕೆ ಹೊಸ ಹೊಲಿಗೆ ಹಾಕುವುದು ಮಕ್ಕಳ ಕೆಲಸವಲ್ಲ. ಸೆಲ್ಲೋಟೇಪಂತೂ ಕೂಡದು. ವರ್ಷಗಳಲ್ಲಿ ಟೇಪು ಕಳಚಿಕೊಳ್ಳುತ್ತದೆ, ಹಳದಿ ಕಲೆ ಅಕ್ಷರದ ಮೇಲೇ ಉಳಿಯುತ್ತದೆ. ಅಂಥ ಪುಸ್ತಕವನ್ನು ಇದ್ದಂತೆಯೇ ಬಿಟ್ಟು, ಅದರ ಅಳತೆಗೆ ಒಂದು ರಟ್ಟಿನ ಪೆಟ್ಟಿಗೆ ಮಾಡುವುದು ಲೇಸು. ಅಪ್ಪ ಉಕ್ಕಿನ ಸ್ಕೇಲು ಒತ್ತಿಹಿಡಿದು, ಒಂದೇ ಏಟಿಗೆ ಬದಲು ಐದಾರು ಹಗುರ ಗೀರುಗಳಲ್ಲಿ ರಟ್ಟು ಕತ್ತರಿಸಿಕೊಡಲಿ. ಮಗ ಅಂಟಿಸಲಿ, ಹೊರಗೂ ಒಳಗೂ.

ಅಳತೆ ತೆಗೆಯುವುದು ಮಾತ್ರ ಮಳೆಗಾಲದಲ್ಲೇ ಆಗಬೇಕು. ಮಾರ್ಚಿಯಲ್ಲಿ ಅಳೆದು ಮಾಡಿದ ಪೆಟ್ಟಿಗೆಗೆ ಜುಲೈಯಲ್ಲಿ ಉಬ್ಬಿದ ಪುಸ್ತಕ ಇಳಿಯುವುದಿಲ್ಲ.